ಹದಿನೆಂಟನೆಯ ಕೋಣೆ

ಅಕ್ಕನಿಗೆ ಆರು ವರ್ಷವಾಗಿದ್ದಾಗ ಅಮ್ಮ ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳಂತೆ. ಹತ್ತು ಸಲ ಕೂಗಿದರೂ ಹುಡುಗಿ ಓಗೊಡುವುದಿಲ್ಲ, ಕಿವಿಯಲ್ಲೇ ಏನೋ ಐಬಿದೆ ಎಂದು ಅಮ್ಮನಿಗೆ ಭಯ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಕಿವಿ ಚೆನ್ನಾಗೇ ಇದೆಯಮ್ಮ. ನಿಮ್ಮೊಬ್ಬರನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸ್ತಿದೆ ಇವಳಿಗೆ" ಎಂದರಂತೆ. ಅಮ್ಮ ಇದನ್ನು ಕೊನೆಯವರೆಗೂ ನಗುತ್ತ ಹೇಳುತ್ತಿದ್ದಳು. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಮಾತು ಬಂದಾಗಿನಿಂದ ಅವಳನ್ನು ಕೂಗುತ್ತಿದ್ದೇನೆ. ಅರ್ಧದಷ್ಟು ಸಲ ಉತ್ತರ ಬಂದಿದ್ದರೆ ಹೆಚ್ಚು.

ಅವಳು ಬೇರೇನನ್ನೋ ಕೇಳುತ್ತಿರುತ್ತಿದ್ದಳು. ಕೆಳಗಿನ ಮನೆಯ ನಲ್ಲಿಯಲ್ಲಿ ಬಕೆಟ್ಟು ತುಂಬುತ್ತ ಬಂದಂತೆ ನೀರಿನ ದನಿ ಸಣ್ಣಗಾಗುವುದು, ಮೆಟ್ಟಿಲು ಹತ್ತುವವರು ಯಾವ ಕಾಲಿಗೆ ಹೆಚ್ಚು ಭಾರ ಬಿಡುತ್ತಾರೆ ಅನ್ನುವುದು, ಫ್ಯಾನು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗಾಳಿಯ ಸದ್ದು. ಅವಳ ಜೊತೆ ಬೀದಿಯಲ್ಲಿ ಹೋದರೆ ಸಾಕುಸಾಕಾಗುತ್ತಿತ್ತು. ಎಲ್ಲೋ ಯಾರೋ ಅಂಗಡಿಯ ಷಟರ್ ಎಳೆದರೆ ಇವಳು ನಡುಬೀದಿಯಲ್ಲಿ ಕಣ್ಣು ಅರ್ಧ ಮುಚ್ಚಿಕೊಂಡು ನಿಂತುಬಿಡುವಳು. "ನಡಿಯೇ, ಜನ ಮೂರ್ಛೆ ರೋಗ ಅನ್ಕೊಂಡಾರು" ಎಂದು ನಾನು ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ.

ಹದಿನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚಿ, ಯಾರಿಗೋ ಯಾರನ್ನೋ ಜೋಡಿಸುವ ಕೆಲಸ. ಆಮೇಲೆ ಆ ಕೆಲಸವನ್ನು ಯಂತ್ರವೇ ಮಾಡತೊಡಗಿತು, ಇವಳನ್ನು ಮನೆಗೆ ಕಳಿಸಿದರು. ನಾನು ಅಷ್ಟರಲ್ಲಿ ಟೈರ್ ಅಂಗಡಿಯ ಹಿಂದಿನ ನಾಟಕ ಕಂಪನಿಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಅಲ್ಲಿ ಸದ್ದು ಮಾಡುವವನು ಕೆಲಸ ಬಿಟ್ಟುಹೋಗಿದ್ದ. ನಾಟಕ ಆಡಿಸುವ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಬಾಯಿ ಹಾಕಿದೆ. "ನಮ್ಮಕ್ಕ ಇದ್ದಾಳೆ. ಕರೆದ್ರೆ ಬರಲ್ಲ. ಬಂದ್ರೆ ಹೋಗಲ್ಲ."

ಬಂದಳು, ಹೋಗಲಿಲ್ಲ. ಪರದೆಯ ಪಕ್ಕದ ಕತ್ತಲೆಯಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ, ಬೂದು ಬಣ್ಣದ ಒಂದು ಹಳೆಯ ಸ್ಯಾಂಪ್ಲರಿನ ಮುಂದೆ ಕೂತಳು. ನೋಡುವುದಕ್ಕೆ ಅದು ಕಪ್ಪು ಬಿಳಿ ಕೀಗಳ ಕೀಬೋರ್ಡೇ. ಆದರೆ ತನ್ನದು ಅಂತ ಅದಕ್ಕೆ ಒಂದು ದನಿಯೂ ಇಲ್ಲ. ಮೈಕು ಹಿಡಿದು ಏನನ್ನು ಕೇಳಿಸುತ್ತೇವೋ ಅದನ್ನು ನೆನಪಿಟ್ಟುಕೊಂಡು, ಕೀ ಒತ್ತಿದಾಗ ವಾಪಸು ಕೊಡುತ್ತದೆ. ಬಾಗಿಲು ಕೇಳಿಸಿದರೆ ಬಾಗಿಲು, ಬೆಕ್ಕು ಕೇಳಿಸಿದರೆ ಬೆಕ್ಕು. ಅದನ್ನು ಕಂಡ ದಿನ ಅಕ್ಕನ ಮುಖ ನೋಡಬೇಕಿತ್ತು. ತನ್ನ ಹಾಗೇ ಇರುವ ಇನ್ನೊಬ್ಬರು ಈ ಲೋಕದಲ್ಲಿ ಇದ್ದಾರೆ ಎಂದು ಅವಳಿಗೆ ಅವತ್ತೇ ಗೊತ್ತಾಗಿದ್ದು.

ಆದರೆ ಯಂತ್ರದ ತಲೆ ಸಣ್ಣದು. ಒಂದು ಸಲಕ್ಕೆ ಒಂದೂವರೆ ನಿಮಿಷದ ಸದ್ದು ಮಾತ್ರ ಅದರಲ್ಲಿ ನಿಲ್ಲುತ್ತಿತ್ತು. ಮಿಕ್ಕಿದ್ದೆಲ್ಲ ಹೊಟ್ಟೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಒಂದು ದೃಶ್ಯ ಮುಗಿದು ಪರದೆ ಬಿದ್ದ ಕೂಡಲೇ ಮುಂದಿನ ದೃಶ್ಯದ ಸದ್ದುಗಳನ್ನು ಹೊಟ್ಟೆಯಿಂದ ತಲೆಗೆ ಏರಿಸಿಕೊಳ್ಳಬೇಕು. ಆ ಡಿಸ್ಕಾದರೂ ಎಷ್ಟು? ನಲವತ್ತು ಮೆಗಾಬೈಟು, ಅಂದರೆ ಏಳೂವರೆ ನಿಮಿಷ. ಕಂಪನಿಯ ಅಷ್ಟೂ ನಾಟಕಗಳ ಮಳೆ, ಗುಡುಗು, ಕುದುರೆ, ಗಡಿಯಾರ ಎಲ್ಲ ಸೇರಿ ಏಳೂವರೆ ನಿಮಿಷದಲ್ಲಿ ಸಂಸಾರ ಮಾಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಅಕ್ಕ ಮೊಣಕಾಲು ಮಡಚಿ ಮಲಗುವುದನ್ನೂ ಕಲಿತಳು. ಎರಡು ಸೆಕೆಂಡು ಮಳೆ ಹಿಡಿದು, ತುದಿಗೆ ಬುಡ ಸೇರಿಸಿ, ರಾತ್ರಿಯಿಡೀ ಸುರಿಯುವ ಮಳೆ ಮಾಡುತ್ತಿದ್ದಳು. ಸೇರಿಸಿದ ಜಾಗ ಕಿವಿಗೆ ಸಿಕ್ಕುತ್ತಿರಲಿಲ್ಲ. ನನ್ನ ಹೊಲಿಗೆಯೂ ಅಷ್ಟು ಸಾಫಾಗಿಲ್ಲ. ಹೆಜ್ಜೆಯ ಸದ್ದು ಒಂದೇ. ಎಡಗಡೆಯ ಕೀ ಒತ್ತಿದರೆ ಅದೇ ದಪ್ಪಗಾಗಿ ಹೊಟ್ಟೆ ಬಂದ ಸಾಹುಕಾರ ನಡೆದುಬರುತ್ತಾನೆ, ಬಲಗಡೆಯದು ಒತ್ತಿದರೆ ಸಣ್ಣಗಾಗಿ ಪುಟ್ಟ ಮಗು.

ಹೊಸ ನಾಟಕ ಬಂತೆಂದರೆ ಹಳೆಯದೊಂದು ಸದ್ದು ಹೋಗಬೇಕು. ಸುಮ್ಮನೆ ಅಳಿಸುವುದಕ್ಕೆ ಅಕ್ಕ ಒಪ್ಪುತ್ತಿರಲಿಲ್ಲ. ಕಂಪನಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಲ್ಲಬೇಕು, ಆ ಸದ್ದನ್ನು ಕೊನೆಯ ಸಲ ಕೇಳಬೇಕು, ಆಮೇಲೇ ಅಳಿಸುವುದು. ಮೊದಮೊದಲು ಎಲ್ಲರೂ ಮೂಗು ಮುರಿದರು. ಆಮೇಲೆ ಅದೇ ಪದ್ಧತಿಯಾಯಿತು. ನಮ್ಮ ಕಂಪನಿಯ ಬಡಗಿಯ ಗರಗಸದ ಸದ್ದು ಅಳಿಸಿದ ದಿನ ಆ ಮನುಷ್ಯ ಕಣ್ಣೊರೆಸಿಕೊಂಡ. "ಅದೇ ಗರಗಸ ಹಿತ್ತಲಲ್ಲಿ ಇದೆಯಲ್ಲಯ್ಯ, ಬೆಳಿಗ್ಗೆ ತಾನೇ ಕುಯ್ತಿದ್ದೆಯಲ್ಲ" ಎಂದು ಮೇಷ್ಟ್ರು ರೇಗಿದರು. "ಅದು ಬೇರೆ ಮರ ಮೇಷ್ಟ್ರೇ" ಎಂದ ಅವನು.

ಇನ್ನು ದೊಡ್ಡಮ್ಮನ ವಿಷಯ ಹೇಳಬೇಕು. ದೊಡ್ಡಮ್ಮ ನಮ್ಮಿಬ್ಬರ ನೆಂಟರೇನಲ್ಲ. ಕಂಪನಿಯ ಹಿರಿಯ ನಟಿ, ಎಲ್ಲರೂ ಹಾಗೇ ಕರೆಯುವುದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾವು ಆಡುವ ಒಂದು ಹಳೆಯ ನಾಟಕವಿದೆ. ಅದರಲ್ಲಿ ಅವರು ದೋಣಿ ನಡೆಸುವ ಮುದುಕಿ. ದಡಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆ ಹಾಕುತ್ತಾಳೆ. ನಿಜ ಹೇಳಿದವರನ್ನು ಮಾತ್ರ ದಾಟಿಸುತ್ತಾಳೆ. ದೊಡ್ಡಮ್ಮ ಆ ಪ್ರಶ್ನೆ ಕೇಳಿದರೆ ಕುರ್ಚಿಯಲ್ಲಿ ಕೂತ ನನಗೂ ಏನಾದರೂ ಒಪ್ಪಿಕೊಂಡುಬಿಡೋಣ ಅನ್ನಿಸುತ್ತಿತ್ತು. ಅಂಥ ದನಿ.

ಅವರಿಗೆ ಐವತ್ತೆಂಟಾಗಿದ್ದಾಗ ಗಂಟಲಲ್ಲಿ ಗಡ್ಡೆ ಎದ್ದಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಹತ್ತು ದಿನವಿತ್ತು. ಸುದ್ದಿ ಕೇಳಿ ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಯಾವತ್ತೂ ತಾನಾಗಿ ಬಾಯಿ ತೆರೆಯದ ಅಕ್ಕ ಎದ್ದುಹೋಗಿ ದೊಡ್ಡಮ್ಮನ ಮುಂದೆ ಮೈಕು ಹಿಡಿದು ನಿಂತಳು. "ಮುದುಕಿಯ ಮಾತೆಲ್ಲ ನನಗೆ ಕೊಡಿ" ಎಂದಳು.

ಆ ನಾಟಕದಲ್ಲಿ ಮುದುಕಿಗೆ ನೂರ ಹನ್ನೆರಡು ಮಾತು. ಅಷ್ಟನ್ನು ಆ ಹಳೆಯ ಡಿಸ್ಕಿನಲ್ಲಿ ಎಲ್ಲಿ ಇಡುವುದು? ದೀಪ ಬಿಡುವ ಲೈಟಣ್ಣ ಎಲ್ಲಿಂದಲೋ ದೊಡ್ಡ ಡಿಸ್ಕೊಂದನ್ನು ತಂದ. ಎರಡು ಸಾವಿರ ಮೆಗಾಬೈಟು! "ಈ ಜನ್ಮಕ್ಕಾಯ್ತು, ಮುಂದಿನ ಜನ್ಮಕ್ಕೂ ಮಿಗುತ್ತೆ" ಎಂದ. ಹೊಸ ಡಿಸ್ಕನ್ನು ಯಂತ್ರ ತನ್ನದು ಅಂತ ಒಪ್ಪಿಕೊಳ್ಳಬೇಕಾದರೆ ಅದನ್ನು ಮೊದಲು ಫಾರ್ಮ್ಯಾಟ್ ಮಾಡಬೇಕು. ಅಂದರೆ ಇದ್ದದ್ದನ್ನೆಲ್ಲ ಒರೆಸಿ, ತನಗೆ ಬೇಕಾದ ಹಾಗೆ ಗೋಡೆ ಎಬ್ಬಿಸಿಕೊಳ್ಳುವುದು. ಇಡೀ ಮಧ್ಯಾಹ್ನ ಹಿಡಿಯಿತು. ಅಂಗೈಯಗಲದ ತೆರೆಯ ಮೇಲೆ, ಅರವತ್ತು ಮೆಗಾಬೈಟಿಗೆ ಒಂದರಂತೆ ಮೂವತ್ತಮೂರು ಕೋಣೆ ಎಂದು ಬಂತು. ಯಂತ್ರವೇ ಹೇಳಿದ ಮೇಲೆ ಯಾರು ಅನುಮಾನ ಪಡುತ್ತಾರೆ? ಮೊದಲನೆಯ ಕೋಣೆಯನ್ನು ಅಕ್ಕ ದೊಡ್ಡಮ್ಮನಿಗೇ ಬಿಟ್ಟುಕೊಟ್ಟಳು. ಇನ್ನೊಂದು ಸದ್ದನ್ನು ಅದರ ಹೊಸಿಲು ದಾಟಲು ಬಿಡಲಿಲ್ಲ. ಟೇಪಿಗೂ ಒಂದು ಪ್ರತಿ ಹಾಕಿಡೋಣ ಎಂದು ನಾನು ಆಗಲೇ ಹೇಳಿದ್ದೆ. ಇಲ್ಲ, ಸುಳ್ಳು. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಅಷ್ಟೇ.

ಹಾಗೆ ಏಳು ವರ್ಷ ನಡೆಯಿತು. ಕತ್ತಿಗೆ ವಸ್ತ್ರ ಸುತ್ತಿಕೊಂಡ ದೊಡ್ಡಮ್ಮ ದೀಪದ ಬೆಳಕಿನಲ್ಲಿ ತುಟಿ ಆಡಿಸುವರು. ಕತ್ತಲಲ್ಲಿ ಕೂತ ಅಕ್ಕ ಆ ತುಟಿಗಳನ್ನೇ ನೋಡುತ್ತ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಂದೊಂದೇ ಕೀ ಒತ್ತುವಳು. ತುಟಿ ತೆರೆಯುವುದಕ್ಕೂ ದನಿ ಹೊರಡುವುದಕ್ಕೂ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಜನ ನಂಬಿದರು. ಕೆಲವೊಮ್ಮೆ ನಾನೂ ನಂಬಿದೆ. ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವಾಗ ಅಕ್ಕನ ತುಟಿ ತಾನಾಗಿ ಅಲುಗುತ್ತಿತ್ತು. ಉಸಿರು ಕೂಡ ದೊಡ್ಡಮ್ಮನದೇ ಲಯದಲ್ಲಿ ಬರುತ್ತಿತ್ತು. ನಾಟಕ ಮುಗಿದ ಮೇಲೆ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಒಬ್ಬರಿಗೆ ಮಾತು ಬಾರದು, ಇನ್ನೊಬ್ಬಳಿಗೆ ಬೇಕಿಲ್ಲ. ಬಾಯಿಬಡುಕಿಯಾದ ನನಗೆ ಆ ಮೆಟ್ಟಿಲ ಮೇಲೆ ಜಾಗವಿರಲಿಲ್ಲ. ಹೊಟ್ಟೆಕಿಚ್ಚಾಗುತ್ತಿತ್ತು, ಇಲ್ಲವೆನ್ನಲಾರೆ.

ಮೂವತ್ತಮೂರು ಕೋಣೆಯ ಮನೆ ಸಿಕ್ಕ ಮೇಲೆ ಅಕ್ಕನಿಗೆ ಆಸೆ ಹೆಚ್ಚಾಯಿತು. ಈಗ ಯಾವುದನ್ನೂ ಅಳಿಸಬೇಕಿಲ್ಲ. ನಾಟಕಕ್ಕೆ ಬೇಕೋ ಬೇಡವೋ, ಕಿವಿಗೆ ಬಿದ್ದದ್ದನ್ನೆಲ್ಲ ತುಂಬಿದಳು. ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲಿನ ಬೀದಿ. ಒಗೆದ ಬಟ್ಟೆ ಗಾಳಿಗೆ ಒಂದಕ್ಕೊಂದು ತಾಗುವುದು. ಕುದಿಯುವ ಮೊದಲಿನ ನೀರು. ಖಾಲಿ ಸಭಾಂಗಣದಲ್ಲಿ ಮಧ್ಯಾಹ್ನ ಮೂರು ಗಂಟೆ. "ಮೂರು ಗಂಟೆಗೆ ಏನೇ ಸದ್ದು?" ಎಂದರೆ, "ನಾಲ್ಕು ಗಂಟೇದು ಕೇಳು, ಆಗ ಗೊತ್ತಾಗತ್ತೆ" ಎನ್ನುವಳು. ನಮ್ಮ ಮನೆಯ ಮಾತುಕತೆಯೇ ಹಾಗಾಯಿತು. ಮಳೆ ಐದನೇ ಕೋಣೆಯಲ್ಲಿ, ಅಮ್ಮನ ಬೀಗದಕೈ ಗೊಂಚಲು ಒಂಬತ್ತರಲ್ಲಿ. ಒಮ್ಮೊಮ್ಮೆ ಕನಸಿನಲ್ಲಿ ನಾನು ಆ ಮನೆಯೊಳಗೆ ಓಡಾಡುತ್ತಿದ್ದೆ. ಉದ್ದನೆಯ ಓಣಿ, ಎರಡೂ ಕಡೆ ಬಾಗಿಲುಗಳು, ಒಂದೊಂದು ಬಾಗಿಲ ಹಿಂದೆ ಒಂದೊಂದು ಹೊತ್ತು ಉಸಿರಾಡುತ್ತಿರುತ್ತಿತ್ತು.

ಏಳನೆಯ ವರ್ಷ ಮಕ್ಕಳಿಗಾಗಿ ಒಂದು ಹೊಸ ನಾಟಕ ತೆಗೆದುಕೊಂಡೆವು. ಅದರಲ್ಲಿ ದರ್ಜಿಯ ಪಾತ್ರವಿತ್ತು. ನಾನು ಹಟ ಹಿಡಿದೆ. "ನನ್ನ ಹೊಲಿಗೆ ಮೆಷಿನ್ನೇ ರೆಕಾರ್ಡ್ ಮಾಡ್ಕೋ."

"ಹತ್ತು ಸೆಕೆಂಡು ಕೊಡು, ಸಾಕು" ಎಂದಳು ಅಕ್ಕ.

"ಯಾಕೆ, ಕಸದ ಲಾರಿಗೆ ಒಂದು ನಿಮಿಷ ಕೊಟ್ಟಿದ್ದೀಯ, ಒಡಹುಟ್ಟಿದವಳಿಗೆ ಹತ್ತು ಸೆಕೆಂಡಾ? ಅಷ್ಟು ಜಾಗ ಬಿದ್ದಿದೆ."

ಅಕ್ಕ ನಕ್ಕು ಮೈಕು ತಂದಳು. ಕಾಲರು ಹೊಲಿದದ್ದು ಒಂದು ನಿಮಿಷ, ತೋಳು ಕೂಡಿಸಿದ್ದು ಒಂದು ನಿಮಿಷ. ಹದಿನೇಳು ಕೋಣೆ ತುಂಬಿತ್ತು. ನನ್ನ ಹೊಲಿಗೆಗೆಂದು ಹದಿನೆಂಟನೆಯದನ್ನು ತೆರೆದಳು. ನನಗೆ ಒಂದು ಮನೆಯನ್ನೇ ಬರೆದುಕೊಟ್ಟಷ್ಟು ಖುಷಿಯಾಯಿತು.

ಅದಾಗಿ ಎರಡು ವಾರಕ್ಕೆ ದೋಣಿಯ ನಾಟಕದ ಭಾನುವಾರ. ನಾನು ಬಟ್ಟೆ ಕೋಣೆಯಲ್ಲಿ ಒಂದು ಕೋಟಿಗೆ ಗುಂಡಿ ಹಾಕುತ್ತಿದ್ದೆ. ಹೊರಗೆ ರಂಗದ ಮೇಲೆ ಪ್ರಯಾಣಿಕ ಮುದುಕಿಯನ್ನು ಕೇಳುತ್ತಾನೆ, "ನದಿ ಎಷ್ಟು ಆಳ ಇದೆ ಅಜ್ಜಿ?" ಅದಕ್ಕೆ ಅವಳ ಉತ್ತರ ನನಗೆ ಬಾಯಿಪಾಠ. "ಆಳ ಕೇಳೋರಿಗೆ ದಾಟೋ ಮನಸ್ಸಿರಲ್ಲ." ದೊಡ್ಡಮ್ಮನ ದನಿ ಬಂತು. "ಆಳ ಕೇಳೋರಿಗೆ..." ಅಲ್ಲಿಂದ ಮುಂದೆ ಹೊಲಿಗೆ ಮೆಷಿನ್ ಓಡತೊಡಗಿತು.

ನಾನು ನನ್ನ ಮೆಷಿನ್ ಕಡೆ ತಿರುಗಿ ನೋಡಿದೆ. ಅದು ಮುಸುಕು ಹಾಕಿಕೊಂಡು ಸುಮ್ಮನೆ ಕೂತಿತ್ತು. ಹೊರಗೆ ಸಭಾಂಗಣದ ತುಂಬ ನಾನು ತೋಳು ಕೂಡಿಸುತ್ತಿದ್ದೆ. ಎಚ್ಚರವಾಗಿದ್ದೇನೋ ಕನಸೋ ತಿಳಿಯದೆ, ಸೂಜಿ ಕೈಯಲ್ಲೇ ಹಿಡಿದುಕೊಂಡು ಓಡಿದೆ.

ಅಕ್ಕ ಆ ಕೀಯಿಂದ ಬೆರಳು ತೆಗೆದು ಮುಂದಿನದನ್ನು ಒತ್ತಿದಳು. ಅದರಲ್ಲೂ ಹೊಲಿಗೆ. ರಂಗದ ಮೇಲೆ ದೊಡ್ಡಮ್ಮನ ತುಟಿ ನಿಂತುಹೋಗಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ದೊಡ್ಡಮ್ಮ ನಿಧಾನಕ್ಕೆ ದೋಣಿಯ ಅಂಚಿನಲ್ಲಿ ಕೂತರು. ಶಾಲಿನ ತುದಿಯನ್ನು ಮಡಿಲಿಗೆ ಎಳೆದುಕೊಂಡು, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸಿ, ಶಾಲು ಹೊಲಿಯತೊಡಗಿದರು. ಒಂದು ಹೊಲಿಗೆ, ಎರಡು ಹೊಲಿಗೆ. ಹಲ್ಲಿನಿಂದ ದಾರ ಕಡಿದು, ಕತ್ತೆತ್ತಿ ಆ ಪ್ರಯಾಣಿಕನನ್ನು ನೋಡಿದರು. ಅಷ್ಟೇ, ನೋಡಿದರು. ಆ ಹುಡುಗನಿಗೆ ಮಾತು ಮರೆತೇಹೋಯಿತು. "ನೀವು ಹಾಗೆ ನೋಡಬೇಡಿ ಅಜ್ಜಿ" ಎಂದ, "ಹೇಳ್ತೀನಿ, ನಿಜ ಹೇಳ್ತೀನಿ." ಅದು ನಾಟಕದಲ್ಲಿ ಇಲ್ಲದ ಮಾತು. ಕಿಸಕ್ಕೆಂದವರೂ ಉಸಿರು ಬಿಗಿಹಿಡಿದಿದ್ದರು.

ಆ ದೃಶ್ಯ ಹಾಗೆ ದಡ ಮುಟ್ಟಿತು. ಮುಂದಿನ ದೃಶ್ಯಗಳ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಜನ ಚಪ್ಪಾಳೆ ತಟ್ಟಿ ಹೋದರು. ಅಕ್ಕ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ನೂರ ಹನ್ನೆರಡನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಮೂವತ್ತೊಂದು ಹಾಳಾಗಿದ್ದವು. ಕೆಲವು ಪೂರ್ತಿ ಹೊಲಿಗೆ. ಕೆಲವು ದೊಡ್ಡಮ್ಮನ ದನಿಯಲ್ಲಿ ಶುರುವಾಗಿ ನನ್ನ ಮೆಷಿನ್ನಿನಲ್ಲಿ ಮುಗಿಯುತ್ತಿದ್ದವು.

ಇಂಥ ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬರಿಗೆ ಲೈಟಣ್ಣ ಫೋನು ಹಚ್ಚಿಕೊಟ್ಟ. ಅವರು ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು. "ಹದಿನೆಂಟನೇ ಕೋಣೆ ಅಂತ ಒಂದಿಲ್ಲಮ್ಮ. ಅದು ತೋರಿಸೋದು ಮೂವತ್ಮೂರು, ಅದಕ್ಕೆ ಎಣಿಸೋಕೆ ಬರೋದು ಹದಿನೇಳು. ಒಂದು ಗಿಗಾಬೈಟಿಗೆ, ಅಂದ್ರೆ ಸಾವಿರ ಚಿಲ್ಲರೆ ಮೆಗಾಬೈಟಿಗೆ, ಅದರ ಲೆಕ್ಕ ಮುಗೀತು. ಅದರಾಚೆ ಬರಿ ಅಂದ್ರೆ ಮತ್ತೆ ಒಂದನೇ ಕೋಣೆಗೇ ಹೋಗಿ ಬರೆಯತ್ತೆ. ತಪ್ಪು ಮಾಡ್ತಿದೀನಿ ಅಂತ ಪಾಪ ಅದಕ್ಕೂ ಗೊತ್ತಾಗಲ್ಲ."

"ಹೋದದ್ದು ವಾಪಸ್ ಬರತ್ತಾ?" ಎಂದಳು ಅಕ್ಕ.

"ಅದರ ಮೇಲೇ ಬೇರೆ ಬರೆದಾಯ್ತಲ್ಲ, ಬರಲ್ಲ. ಉಳಿದಿರೋದನ್ನ ಒಂದೊಂದೇ ಫ್ಲಾಪಿಗೆ ತೆಗೆದಿಟ್ಕೊಳ್ಳಿ. ಆಮೇಲೆ ಡಿಸ್ಕನ್ನ ಮತ್ತೆ ಫಾರ್ಮ್ಯಾಟ್ ಮಾಡಿ. ಈ ಸಲ ಹದಿನೇಳು ಕೋಣೆ ಅಂತ ನೀವೇ ಹೇಳಿ, ಅದರ ಮಾತು ಕೇಳಬೇಡಿ."

ಮನೆಗೆ ಬಂದ ಮೇಲೆ ಅಕ್ಕ ಕಿಟಕಿಯ ಹತ್ತಿರ ಕೂತಳು. "ನಾನು ಅವರ ದನಿ ತಿಂದ್ಹಾಕಿದೆ ಕಣೇ" ಎಂದಳು. "ನೀನಲ್ಲ, ನನ್ನ ಮೆಷಿನ್ನು" ಎಂದೆ. ಎರಡು ನಿಮಿಷದ ಜಂಬಕ್ಕೆ ಹಟ ಮಾಡಿ, ಒಬ್ಬ ಹೆಂಗಸಿಗೆ ಉಳಿದಿದ್ದ ಅಷ್ಟಿಷ್ಟು ಮಾತಿನ ಮೇಲೆ ತೋಳು ಕೂಡಿಸಿದ್ದೆ. ಯಾರಿಗೆ ಹೇಳಲಿ?

ಅಲ್ಲಿ ಇಲ್ಲಿ ಬೇಡಿ ಎಂಬತ್ತೊಂದು ಮಾತಿಗೆ ಸಾಲುವಷ್ಟು ಫ್ಲಾಪಿ ಕೂಡಿಸಿದೆವು. ಅವನ್ನು ಒಂದು ಬೂಟಿನ ಡಬ್ಬಿಯಲ್ಲಿ ಹಾಕಿಕೊಂಡು, ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ದೊಡ್ಡಮ್ಮನ ಮನೆಗೆ ಹೋದೆವು. ಮಹಡಿಯ ಮೇಲಿನ ಒಂದೇ ಕೋಣೆ. ಕಿಟಕಿಯ ಬೆಳಕು ಹಾಸಿಗೆಯ ಅರ್ಧಕ್ಕೆ ಬಂದು ನಿಂತಿತ್ತು. ಅಕ್ಕ ಕೂರಲಿಲ್ಲ. ನಿಂತೇ, ಡಬ್ಬಿಯನ್ನು ಎದೆಗವಚಿಕೊಂಡು ಎಲ್ಲ ಹೇಳಿದಳು. ಹದಿನೇಳು, ಹದಿನೆಂಟು, ಮೂವತ್ತೊಂದು. "ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ ದೊಡ್ಡಮ್ಮ. ಉಳಿದಿದ್ದನ್ನಾದ್ರೂ ಕಾಪಾಡ್ತೀನಿ."

ದೊಡ್ಡಮ್ಮನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಎದ್ದೆ. ನೋಡಿದರೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಸದ್ದೇ ಇಲ್ಲದೆ. ಪಕ್ಕದ ಸ್ಲೇಟು ತೆಗೆದುಕೊಂಡು ಬರೆದರು.

"ಏಳು ವರ್ಷದಲ್ಲಿ ಮೊನ್ನೆ ಮೊದಲ ಸಲ ನಟಿಸಿದೆ."

ಓದಿಕೊಳ್ಳಲು ಬಿಟ್ಟು, ಒರೆಸಿ, ಮತ್ತೆ ಬರೆದರು. "ಮಿಕ್ಕಿದ್ದೂ ಅಳಿಸು."

ಅಕ್ಕ ಯಾರ ಜೊತೆಗಾದರೂ ವಾದ ಮಾಡಿದ್ದನ್ನು ನಾನು ಕಂಡದ್ದು ಅವತ್ತೇ. "ಅದು ನಿಮ್ಮ ದನಿ!" ಎಂದು ಕೂಗಿದಳು. ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸಿದರು. ಸ್ಲೇಟಿನ ಮೇಲೆ, "ಅದು ಐವತ್ತೆಂಟು ವರ್ಷದವಳದು. ನನಗೆ ಅರವತ್ತೈದು." ಒರೆಸಿದರು. "ಅವಳ ಹಿಂದೆ ಓಡಿ ಓಡಿ ಸಾಕಾಯ್ತು. ತುಟಿ ತಪ್ಪೀತು ಅನ್ನೋ ಭಯ ಬಿಟ್ಟರೆ ರಂಗದ ಮೇಲೆ ನನಗೆ ಬೇರೇನೂ ಇರಲಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇವಳು ನಿಮಗೋಸ್ಕರ ಏಳು ವರ್ಷ ಕಣ್ಣು ರೆಪ್ಪೆ ಬಡೀದೆ ಕೂತಿದ್ದಾಳೆ, ಅದು ಏನೂ ಅಲ್ವಾ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಮ್ಮ ನನ್ನನ್ನು ನೋಡಲಿಲ್ಲ. ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಸಣ್ಣ ದನಿಯಲ್ಲಿ, "ಹಾಗಾದ್ರೆ ನನಗೇನು ಉಳಿಯತ್ತೆ?" ಎಂದಳು.

ದೊಡ್ಡಮ್ಮ ಮತ್ತೆ ಬಳಪ ಎತ್ತಿಕೊಂಡರು. "ಒಂದು ಇಟ್ಕೋ. ಯಾವುದು ಅಂತ ನನಗೂ ಹೇಳಬೇಡ."

ಆ ಶುಕ್ರವಾರ ಮಧ್ಯಾಹ್ನ ಕಂಪನಿಯವರೆಲ್ಲ ಸೇರಿದರು. ಯಾರೂ ಕರೆದಿರಲಿಲ್ಲ, ಏಳು ವರ್ಷದಿಂದ ಬಿಟ್ಟುಹೋಗಿದ್ದ ಪದ್ಧತಿ ಅವರವರಿಗೇ ನೆನಪಾಗಿತ್ತು. ಅಕ್ಕ ಮೊದಲ ಮಾತಿನ ಕೀ ಒತ್ತಿದಳು. "ಯಾರದು ದಡದಲ್ಲಿ?" ಎಂದಿತು ಆ ದನಿ, ಎಲ್ಲರ ಮೈಮೇಲೂ ಹಾದುಹೋಗುವ ಹಾಗೆ. ಎರಡನೆಯದಕ್ಕೆ ಬೆರಳು ಹೋಗುವ ಮೊದಲೇ ದೊಡ್ಡಮ್ಮ ಅಂಗೈ ಎತ್ತಿ ಸಾಕು ಎಂದರು. ಅಕ್ಕ ಕೋಣೆಗಳ ಲೆಕ್ಕ ಹದಿನೇಳು ಎಂದು ಬರೆದಳು. ಎಲ್ಲಾ ಅಳಿಸಲೇ ಎಂದು ತೆರೆ ಕೇಳಿತು. ಅಕ್ಕನ ಬೆರಳು ಹೌದು ಎಂಬ ಗುಂಡಿಯ ಮೇಲೆ ನಿಂತಿತ್ತೇ ಹೊರತು ಒತ್ತಲಿಲ್ಲ. ದೊಡ್ಡಮ್ಮ ತಮ್ಮ ಬೆರಳನ್ನು ಆ ಬೆರಳಿನ ಮೇಲಿಟ್ಟು ಒತ್ತಿದರು.

ಡಿಸ್ಕು ತಿರುಗತೊಡಗಿತು. ಮಳೆ ಹೋಯಿತು, ಅಮ್ಮನ ಬೀಗದಕೈ ಹೋಯಿತು, ಮಧ್ಯಾಹ್ನ ಮೂರು ಗಂಟೆ ಹೋಯಿತು. ಕಂಪನಿಗೆ ತೀರಾ ಬೇಕಾದ ಹತ್ತಾರು ಸದ್ದನ್ನು ಅಕ್ಕ ಮೊದಲೇ ಫ್ಲಾಪಿಗೆ ತೆಗೆದಿದ್ದಳು. ತನ್ನ ಸ್ವಂತದವನ್ನು ತೆಗೆಯಲಿಲ್ಲ. "ದೊಡ್ಡಮ್ಮಂದು ಒಂದೇ ಅಂದ ಮೇಲೆ ನನ್ನದು ಯಾಕೆ ನೂರು" ಎಂದಳು. ಬೆಳಕು ನೆಲದ ಮೇಲೆ ತೆವಳಿಕೊಂಡು ಹೋಗಿ ಗೋಡೆ ಹತ್ತಿತು. ತೆರೆಯ ಮೇಲಿನ ಅಂಕಿ ಒಂದೊಂದೇ ಏರುತ್ತಿತ್ತು. ನಾವು ಟೀ ಕುಡಿದೆವು. ಒಂದು ಫ್ಲಾಪಿಯಲ್ಲಿ ಉಳಿಸಿಕೊಂಡ ಆ ಒಂದು ಮಾತು ಯಾವುದೆಂದು ಅಕ್ಕ ನನಗೂ ಹೇಳಿಲ್ಲ. ಹೊಟ್ಟೆಯಲ್ಲಿ ಏನೂ ನಿಲ್ಲದ ನಾನೂ ಇವತ್ತಿನವರೆಗೆ ಕೇಳಿಲ್ಲ.

ಮಾತಿಲ್ಲದ ಮುದುಕಿಯನ್ನು ಇಟ್ಟುಕೊಂಡು ಏನು ನಾಟಕ ಆಡಿಸುವುದು ಎಂದು ಮೇಷ್ಟ್ರು ಕೂಗಾಡಿದರು. ಆಮೇಲೆ ಅವರೇ ಕೂತು, ಮುದುಕಿಯ ಪ್ರಶ್ನೆ ಪ್ರಯಾಣಿಕರ ಉತ್ತರದಲ್ಲೇ ತಿಳಿಯುವ ಹಾಗೆ ಎಲ್ಲರ ಮಾತನ್ನೂ ತಿದ್ದಿದರು. ಇಪ್ಪತ್ತು ದಿನ ತಾಲೀಮು ನಡೆಯಿತು. ಆ ದಿನಗಳಲ್ಲಿ ಅಕ್ಕ ಹೊಸದಾಗಿ ನೀರು, ದೋಣಿಯ ಹುಟ್ಟು, ದಡದ ಗಂಟೆ ಈ ಮೂರರ ಸದ್ದನ್ನು ಕೂಡಿಸಿ ತರಲು ಓಡಾಡುತ್ತಿದ್ದಳು. ತಾಲೀಮಿಗೆ ಬಂದು ಕೂರಲಿಲ್ಲ. ಇನ್ನೂ ಕೋಪವಿದೆ ಎಂದು ನಾನು ತಿಳಿದಿದ್ದೆ, ಇತ್ತೂ ಇರಬಹುದು.

ಭಾನುವಾರ ಬಂತು. ಸಭಾಂಗಣ ತುಂಬಿತ್ತು. ನಾನು ಪರದೆಯ ಪಕ್ಕ ಅಕ್ಕನ ಸ್ಟೂಲಿನ ಹಿಂದೆ ನಿಂತೆ. ಅವಳು ನೀರಿನ ಕೀ ಒತ್ತಿ ಹಿಡಿದಳು. ನದಿ ಬಂದು ರಂಗದ ಮೇಲೆ ಹರಡಿಕೊಂಡಿತು. ಪ್ರಯಾಣಿಕ ದಡಕ್ಕೆ ಬಂದ. ದೊಡ್ಡಮ್ಮ ದೋಣಿಯ ಹಗ್ಗ ಬಿಚ್ಚುತ್ತಿದ್ದವರು ಅವನನ್ನು ನೋಡಿ, ಬಿಚ್ಚಿದ್ದನ್ನು ಮತ್ತೆ ನಿಧಾನವಾಗಿ ಸುತ್ತತೊಡಗಿದರು. ಒಂದು ಸುತ್ತು, ಇನ್ನೊಂದು ಸುತ್ತು. "ಸುತ್ತಬೇಡಿ ಅಜ್ಜಿ" ಎಂದ ಅವನು, "ನಾನು ಓಡಿಬಂದಿದ್ದು ನಿಜ." ಹಗ್ಗದ ಮೇಲೆ ಆ ಕೈ ನಿಂತಿತು. ಮುನ್ನೂರು ಜನ ಆ ಒಂದು ಕೈಯನ್ನೇ ನೋಡುತ್ತಿದ್ದರು.

ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಅವರ ಕೈ ನೋಡೇ" ಎಂದಳು. "ಎಷ್ಟು ಚೆನ್ನಾಗಿದೆ. ಏಳು ವರ್ಷ ಬರೀ ತುಟಿ ನೋಡ್ತಾ ಕೂತಿದ್ದೆ. ನಾನು ಇವರನ್ನ ನೋಡೇ ಇರಲಿಲ್ಲ ಕಣೇ."

ದೊಡ್ಡಮ್ಮ ಹಗ್ಗವನ್ನು ನೀರಿಗೆ ಬಿಟ್ಟರು. ಗಂಟೆ ಬಾರಿಸಬೇಕಾದ ಜಾಗ ಅದು. ಅಕ್ಕ ಬಾಯಿ ಅರ್ಧ ತೆರೆದುಕೊಂಡು ನಾಟಕ ನೋಡುತ್ತಿದ್ದಳು. ನಾನು ಅವಳ ಭುಜದ ಮೇಲಿಂದ ಕೈ ಚಾಚಿ, ಗಂಟೆಯ ಕೀ ಒತ್ತಿದೆ.